ಅತ್ತೆಯವರು ಕಂಡ ಸೊಟ್ಟ ಬಾಗಿಲು

4 ಅಕ್ಟೋಬರ್ 2004, ಸೋಮವಾರ

ಇವತ್ತು ನೀತಿ ಸಮಿತಿಯಲ್ಲಿ ಮತ್ತೆ ಹೊಗಳಿಸಿಕೊಂಡು ಬಂದೆ. ಇಲ್ಲಿ ಲೀಡ್ಸಿನ ಆಸ್ಪತ್ರೆಯ ಡಾಕ್ಟರುಗಳು ರೋಗಿಗಳ ಮೇಲೆ ಹೊಸ ಔಷಧಿಯ ಪ್ರಯೋಗ ಮಾಡಬೇಕಾದರೆ ನಮ್ಮ ಹನ್ನೆರಡು ಜನರ ಅಪ್ಪಣೆ ಬೇಕು. ಹನ್ನೆರಡರಲ್ಲಿ ಎಂಟು ಜನ ವೈದ್ಯಕೀಯ ಬಲ್ಲವರು, ನಾಲ್ಕು ಜನ ಏನೂ ಅರಿಯದವರು. ನಾನು ಎರಡನೆಯ ಗುಂಪಿನವನು. ಸೇತುವೆಗಳ ಲೆಕ್ಕ ಹಾಕುವ ಇಂಜಿನಿಯರ್ ದಿವಾಕರನನ್ನು ಇಲ್ಲಿಗೆ ಯಾಕೆ ಆರಿಸಿದರೆಂಬುದು ಗುಟ್ಟೇನಲ್ಲ. ಡಾಕ್ಟರಲ್ಲದವನೊಬ್ಬ ಬೇಕಿತ್ತು, ಬಿಳಿಯನಲ್ಲದವನೊಬ್ಬ ಬೇಕಿತ್ತು. ಎರಡಕ್ಕೂ ನಾನೊಬ್ಬನೇ ಆದದ್ದರಿಂದ ಒಂದು ಕುರ್ಚಿ ಉಳಿಯಿತು.

ರೋಗಿಗಳಿಗೆ ಕೊಡುವ ಮಾಹಿತಿ ಪತ್ರ ಹನ್ನೆರಡು ವರ್ಷದ ಮಗುವಿಗೂ ಅರ್ಥವಾಗಬೇಕೆಂಬುದು ನಿಯಮ. ನನ್ನ ಮನೆಯಲ್ಲಿ ಹನ್ನೆರಡು ವರ್ಷದ ಮಗುವೇನೋ ಇದೆ. ಆದರೆ ಕೃತಿ ನನ್ನ ಮಾತು ಕೇಳುವುದನ್ನು ಬಿಟ್ಟು ಎರಡು ವರ್ಷವಾಯಿತು. ಹಾಗಾಗಿ ಅತ್ತೆಯವರನ್ನು ಹಿಡಿದಿದ್ದೇನೆ. ಅವರು ಅಕ್ಕಿ ಆರಿಸುತ್ತಾ ಕೂತಿರುವಾಗ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಮೊನ್ನೆ ಸಕ್ಕರೆ ಕಾಯಿಲೆಯ ಪ್ರಯೋಗದ ಪತ್ರ ಓದಿದಾಗ, "ಅಷ್ಟೊಂದು ರಕ್ತ ತಗೊಂಡು, ಉಳಿದಿದ್ದನ್ನ ಏನ್ ಮಾಡ್ತಾರಂತೆ?" ಎಂದರು. ಅದನ್ನೇ ಇವತ್ತು ಒಳ್ಳೆಯ ಇಂಗ್ಲಿಷಿನಲ್ಲಿ, ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದೆ. ಅಧ್ಯಕ್ಷೆ ಮಿಸೆಸ್ ಹಾಲ್‌ರಾಯ್ಡ್ ಕನ್ನಡಕ ತೆಗೆದು, "ದಿವಾಕರ್ ಯಾವಾಗಲೂ ಮೂಲಕ್ಕೇ ಕೈ ಹಾಕುತ್ತಾರೆ," ಎಂದರು. ನಾನು ವಿನಯದಿಂದ ಸೌತೆಕಾಯಿ ಸ್ಯಾಂಡ್‌ವಿಚ್ ತಿಂದೆ.

ಅತ್ತೆ ರತ್ನಮ್ಮನವರು ಚಿತ್ರದುರ್ಗದಿಂದ ಬಂದು ನಮ್ಮೊಡನೆ ನೆಲೆಸಿ ನಾಲ್ಕು ವರ್ಷ. ವಯಸ್ಸು ಎಪ್ಪತ್ತೊಂದು. ಬಲಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಯಿತು. ಉಳಿದ ಎಡಗಣ್ಣೊಂದರಲ್ಲೇ, ಪ್ಯಾಕೆಟ್ಟಿನ ಬಾಸುಮತಿಯಲ್ಲಿ ಇಲ್ಲದ ಕಲ್ಲನ್ನು ಹುಡುಕುತ್ತಾರೆ. ಸಿಕ್ಕದಿದ್ದರೆ ಅಂಗಡಿಯವನ ಮೇಲೆ ಅನುಮಾನ ಪಡುತ್ತಾರೆ.

16 ಅಕ್ಟೋಬರ್, ಶನಿವಾರ

ನವರಾತ್ರಿಯ ಗೊಂಬೆ ಕೂರಿಸಿದ್ದಾಯಿತು. ಹೆಂಡತಿ ನಿರುಪಮಾಗೆ ಆಸ್ಪತ್ರೆಯಲ್ಲಿ ವಾರಾಂತ್ಯದ ಡ್ಯೂಟಿ. ಆಪರೇಷನ್ನಿಗೆ ಮುಂಚೆ ಜನರಿಗೆ ಮತ್ತು ಬರಿಸುವುದು ಅವಳ ಕಸುಬು, ಮನೆಗೆ ಬಂದ ಮೇಲೆ ತಾನೇ ಮತ್ತು ಬಂದವಳಂತೆ ಮಲಗುತ್ತಾಳೆ. ಆದ್ದರಿಂದ ಮೆಟ್ಟಿಲು ಹಲಗೆ ಹೊತ್ತವನು ನಾನು, ರೇಷ್ಮೆ ಬಟ್ಟೆ ಹಾಸಿದವನು ನಾನು. ಅತ್ತೆಯವರು ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ತಲೆಬಾಗಿಲ ಕಡೆ ನೋಡುತ್ತಾ,

"ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮನೆ ಬಾಗಿಲು ಸೊಟ್ಟಗಿದೆ ಅಲ್ವಾ?" ಎಂದರು.

ನಿಮ್ಮನೆ. ನಾಲ್ಕು ವರ್ಷ ಉಂಡ ಮೇಲೆ ನಿಮ್ಮನೆ. ಮೂವತ್ತು ವರ್ಷದ ಸೇತುವೆಯಲ್ಲಿ ಕೂದಲೆಳೆಯ ಬಿರುಕನ್ನು ಕಂಡುಹಿಡಿಯುವ ನನಗೆ, ನಾನೇ ಇಪ್ಪತ್ತೈದು ವರ್ಷದ ಮಾರ್ಟ್‌ಗೇಜಿಗೆ ಕುತ್ತಿಗೆ ಕೊಟ್ಟು ಕೊಂಡ ಹೆಡಿಂಗ್ಲೀಯ ಮನೆಯ ಬಾಗಿಲು ಸೊಟ್ಟ ಎಂದು ಹೇಳುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೆಳಿಗ್ಗೆ ಹಾಕಿದ ರಂಗೋಲಿಯ ಎಳೆ ತಪ್ಪಿದ್ದಕ್ಕೆ ನಮ್ಮ ಅತ್ತೆಯವರು ಬಾಗಿಲು ಡೊಂಕು ಎನ್ನುತ್ತಿದ್ದಾರೆ.

17 ಅಕ್ಟೋಬರ್, ಭಾನುವಾರ

ಬೆಳಿಗ್ಗೆ ರಸಮಟ್ಟ ತಂದು ಚೌಕಟ್ಟಿಗೆ ಹಿಡಿದೆ. ಎಡಗಡೆ, ಬಲಗಡೆ, ಮೇಲೆ. ಮೂರು ಕಡೆಯೂ ಗುಳ್ಳೆ ನಟ್ಟನಡುವೆ ನಿಂತಿತು, ಅಂದರೆ ಚೌಕಟ್ಟು ನೇರ. ನೂರು ವರ್ಷದ ಹಿಂದಿನ ಯಾರ್ಕ್‌ಶೈರ್ ಬಡಗಿಗೆ ಮನಸ್ಸಿನಲ್ಲೇ ಕೈಮುಗಿದೆ. ಅತ್ತೆಯವರನ್ನು ಕರೆದು ಗುಳ್ಳೆ ತೋರಿಸಬೇಕೆಂದು ಹೊರಟಿದ್ದೆ. ಡ್ಯೂಟಿ ಮುಗಿಸಿ ಬಂದ ನಿರುಪಮಾ ಕೋಟು ಕಳಚುತ್ತಾ ತಡೆದಳು.

"ಅಮ್ಮನ್ ಜೊತೆ ವಾದ ಯಾಕ್ರೀ? ಹೂಂ ಅಂದ್ಬಿಡಿ. ಹಬ್ಬ ನೆಮ್ಮದಿಯಾಗಿ ಕಳೀಲಿ."

ಹೂಂ ಅಂದೆ. "ನೀವು ಹೇಳಿದ್ದು ಸರಿ ಅತ್ತೆ. ಅಳತೆ ಮಾಡಿ ನೋಡ್ದೆ, ಸೊಟ್ಟಾನೇ ಇದೆ. ಹಳೇ ಮನೆ ನೋಡಿ."

"ಸದ್ಯ," ಎಂದರು ಅತ್ತೆಯವರು. "ನನ್ ಕಣ್ಣಿಗೇ ಏನೋ ಆಯ್ತು ಅಂದ್ಕೊಂಡಿದ್ದೆ."

ಅತ್ತೆಯಂದಿರ ಕಣ್ಣಿಗೆ ಏನೂ ಆಗುವುದಿಲ್ಲ. ಅಳಿಯನ ಮನೆಯ ಮೂಲೆಯ ಧೂಳು ಅವರಿಗೆ ಇಂಡಿಯಾದಿಂದಲೂ ಕಾಣುತ್ತದೆ. ಒಂದು ಸಣ್ಣ ಸುಳ್ಳಿನಲ್ಲಿ ಮನೆಗೆ ಶಾಂತಿ ಬಂತು. ವಿಶ್ವಸಂಸ್ಥೆಯವರು ನನ್ನನ್ನು ಸಂಪರ್ಕಿಸಬಹುದು.

9 ನವೆಂಬರ್, ಮಂಗಳವಾರ

ಮುಂದಿನ ಸಭೆಗೆ ಎರಡು ಕಿಲೋ ಕಾಗದ ಬಂದಿದೆ. ಅದರಲ್ಲೊಂದು ಕಣ್ಣಿನ ಇಂಜೆಕ್ಷನ್ನಿನ ಪ್ರಯೋಗ. ವಯಸ್ಸಾದವರ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ಸೋರಿ ದೃಷ್ಟಿ ಹೋಗುವ ಒಂದು ಕಾಯಿಲೆಗೆ. ಈ ಔಷಧಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ, ಪ್ರಯೋಗಕ್ಕೆ ಸೇರಿದವರಿಗೆ ಮಾತ್ರ. ಮೊದಲ ಪುಟದಲ್ಲಿ ರೋಗದ ವರ್ಣನೆ. ಅದು ಯಾವಾಗಲೂ ಇರುವುದೇ. ನಾನೂ ಓದಲಿಲ್ಲ, ಅತ್ತೆಯವರಿಗೂ ಓದಲಿಲ್ಲ. ಟಿವಿಯಲ್ಲಿ ಏಳೂವರೆಗೆ ಕಾರ್ಯಕ್ರಮವಿತ್ತು. ನೇರ ಎರಡನೆಯ ಪುಟಕ್ಕೆ ಬಂದೆ: ಅರ್ಧ ಜನಕ್ಕೆ ನಿಜವಾದ ಇಂಜೆಕ್ಷನ್, ಇನ್ನರ್ಧ ಜನಕ್ಕೆ ಸೂಜಿಯಿಲ್ಲದ ಸಿರಿಂಜನ್ನು ಕಣ್ಣಿಗೆ ಒತ್ತಿ ಕಳಿಸುವುದು, ಯಾರಿಗೆ ಯಾವುದೆಂದು ಅವರಿಗೆ ಹೇಳುವುದಿಲ್ಲ.

"ಅಂದ್ರೆ ಅರ್ಧ ಜನಕ್ಕೆ ನಾಟಕ," ಎಂದರು ಅತ್ತೆಯವರು. ಆಮೇಲೆ ಮೊರವನ್ನು ಕೆಳಗಿಟ್ಟು, "ಔಷಧಿ ಕೆಲ್ಸ ಮಾಡುತ್ತೆ ಅಂತ ಗೊತ್ತಾದ್ಮೇಲೆ, ಆ ನಾಟಕದೋರಿಗೂ ಕೊಡ್ತಾರೆ ತಾನೇ?"

ಪತ್ರದಲ್ಲಿ ಆ ಬಗ್ಗೆ ಒಂದಕ್ಷರವೂ ಇರಲಿಲ್ಲ. ಸೋಮವಾರದ ಹೊಗಳಿಕೆ ಖಾತ್ರಿಯಾಯಿತು.

15 ನವೆಂಬರ್, ಸೋಮವಾರ

ಇವತ್ತು ನಾನು ಸಮಿತಿಯನ್ನು ಗೆದ್ದೆ ಎನ್ನಬಹುದು.

ಪ್ರಯೋಗ ಮಾಡುವ ಕಣ್ಣಿನ ಡಾಕ್ಟರ್ ಆರ್ಮಿಟೇಜ್ ಬಂದಿದ್ದರು. ನಾಟಕದವರ ಪ್ರಶ್ನೆ ಕೇಳಿದೆ. ಅವರು ಕೆಂಪಗಾಗಿ, ಕೊನೆಯಲ್ಲಿ ಎಲ್ಲರಿಗೂ ಔಷಧಿ ಕೊಡುವುದಾಗಿ ಒಪ್ಪಿ ಬರೆದುಕೊಂಡರು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ನನಗೆ ಹುರುಪು ಬಂದಿತ್ತು. ಪತ್ರದಲ್ಲಿ ಒಂದು ಸಾಲು: ಇಂಗ್ಲಿಷ್ ಬಾರದವರಿಗೆ ಮನೆಯವರು ವಿವರಿಸಿ ಹೇಳಬಹುದು. ಇದು ಒಪ್ಪಿಗೆಯೇ ಅಲ್ಲ ಎಂದೆ. ಮನೆಯವರು ಹೇಳುವಾಗ ಹಾರಿಸುತ್ತಾರೆ, ತಿರುಚುತ್ತಾರೆ, ಒಳ್ಳೆಯದಕ್ಕೆಂದೇ ಸುಳ್ಳು ಹೇಳುತ್ತಾರೆ ಎಂದೆ. ನನಗೆ ಗೊತ್ತಿರುವ ಒಂದು ಕುಟುಂಬದ ಉದಾಹರಣೆ ಕೊಟ್ಟೆ. ಅಲ್ಲಿ ಮನೆ ಡಾಕ್ಟರು ಮಲಬದ್ಧತೆ ಇದೆಯೇ ಎಂದು ಕೇಳಿದರೆ, ಅಳಿಯನಾದವನು ಅತ್ತೆಯನ್ನು ಅದು ಹೇಗೆ ಕೇಳುವುದೆಂದು, "ಊಟ ಸೇರುತ್ತಾ?" ಎಂದು ಕೇಳಿ, "ಎಲ್ಲ ಸರಿಯಾಗಿದೆ ಡಾಕ್ಟರ್," ಎಂದನಂತೆ. ಎಲ್ಲರೂ ನಕ್ಕರು. ಆ ಅಳಿಯ ಯಾರೆಂದು ಹೇಳುವ ಅಗತ್ಯ ಕಾಣಲಿಲ್ಲ.

ವೃತ್ತಿಪರ ದುಭಾಷಿಯನ್ನು ಇಡಬಹುದಲ್ಲ ಎಂದು ಯಾರೋ ಅಂದರು. ಅದಕ್ಕೆ ಬಜೆಟ್ಟಿಲ್ಲ ಎಂದರು ಆರ್ಮಿಟೇಜ್. ಹಾಗಾದರೆ ಇಂಗ್ಲಿಷನ್ನು ತಾವೇ ಓದಿ ಅರ್ಥ ಮಾಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುವುದೇ ಶುದ್ಧವಾದ ದಾರಿ ಎಂದರು ಮಿಸೆಸ್ ಹಾಲ್‌ರಾಯ್ಡ್, ನನ್ನ ಕಡೆ ನೋಡುತ್ತಾ. ಮೊದಲು ತಲೆಯಾಡಿಸಿದವನು ನಾನು. ಬಡ ವಲಸಿಗರನ್ನು ಪ್ರಯೋಗದ ಇಲಿಗಳಾಗದಂತೆ ಕಾಪಾಡಿದ ತೃಪ್ತಿಯಲ್ಲಿ ಎರಡು ಬಿಸ್ಕತ್ತು ಹೆಚ್ಚು ತಿಂದೆ.

20 ಡಿಸೆಂಬರ್, ಸೋಮವಾರ

ಅತ್ತೆಯವರು ಸಾರನ್ನು ಬಟ್ಟಲಿನ ಪಕ್ಕಕ್ಕೆ ಬಡಿಸಿದರು. ಅಕ್ಕಿ ಆರಿಸುವುದನ್ನು ಬಿಟ್ಟಿದ್ದಾರೆ. ಇಷ್ಟು ವರ್ಷಕ್ಕೆ ಅಂಗಡಿಯವನ ಮೇಲೆ ನಂಬಿಕೆ ಬಂತೆಂದು ಕಾಣುತ್ತದೆ. ಬೆಂಗಳೂರಿಂದ ಬಂದ ವಾರಪತ್ರಿಕೆಗಳು ಸುತ್ತಿದಂತೆಯೇ ಇವೆ. ಕೇಳಿದರೆ, "ಎಲ್ಲಾ ಹಳೇ ಸುದ್ದಿ," ಎಂದರು. ಮೊದಲೆಲ್ಲ ಹೊಸ ಸುದ್ದಿ ಬರುತ್ತಿತ್ತೇನೋ.

16 ಜನವರಿ 2005, ಭಾನುವಾರ

ಊಟದ ಮೇಜಿನ ಮೇಲೆ ಕೃತಿ ಗಣಿತದ ಹೋಂವರ್ಕ್ ಮಾಡುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಕೂತು, "ಇದೇನೇ ಪುಟ್ಟಿ, ಗೆರೆಗಳನ್ನ ಹೀಗೆ ಅಂಕುಡೊಂಕಾಗಿ ಎಳ್ದಿದೀಯ? ನಡುವೆ ಮಸಿ ಬೇರೆ ಚೆಲ್ಕೊಂಡಿದೀಯ," ಎಂದರು.

"ಅಜ್ಜಿ, ಇಟ್ಸ್ ಗ್ರಾಫ್ ಪೇಪರ್. ಐ ಡಿಡಂಟ್ ಡ್ರಾ ಇಟ್."

ಸೋಫಾದ ಮೇಲೆ ಮಲಗಿದ್ದ ನಿರುಪಮಾ ಎದ್ದು ಬಂದಳು. ಅಮ್ಮನ ಎಡಗಣ್ಣಿನ ಮುಂದೆ ಆ ಹಾಳೆ ಹಿಡಿದು ಒಂದೊಂದೇ ಕೇಳಿದಳು. ಗೆರೆ ಎಲ್ಲಿ ಬಾಗುತ್ತದೆ, ನಡುವೆ ಏನು ಕಾಣುತ್ತದೆ, ನನ್ನ ಮುಖ ಕಾಣುತ್ತದೆಯಾ.

"ಕಿವಿ ಕಾಣುತ್ತೆ," ಎಂದರು ಅತ್ತೆಯವರು. "ಮೂಗು ಕಾಣಲ್ಲ."

ನಿರುಪಮಾ ಹಾಳೆ ಕೆಳಗಿಟ್ಟು, ಆಸ್ಪತ್ರೆಗೆ ಫೋನ್ ಮಾಡಿ ಕಣ್ಣಿನ ವಿಭಾಗದಲ್ಲಿ ಈ ವಾರವೇ ನೋಡಬೇಕೆಂದಳು.

19 ಜನವರಿ, ಬುಧವಾರ

ಕಣ್ಣಿನ ವಿಭಾಗದಲ್ಲಿ ನಮ್ಮನ್ನು ನೋಡಿದವರು ಡಾ. ಆರ್ಮಿಟೇಜೇ. ಬಣ್ಣ ಹಾಕಿ ಕಣ್ಣಿನ ಫೋಟೋ ತೆಗೆದರು. ಸೋರುತ್ತಿದೆ. ಲೇಸರ್ ಚಿಕಿತ್ಸೆ ಈ ಬಗೆಯ ಸೋರಿಕೆಗೆ ಆಗಿಬರುವುದಿಲ್ಲ. ಆದರೆ ತಮ್ಮ ಪ್ರಯೋಗಕ್ಕೆ ಹೇಳಿ ಮಾಡಿಸಿದ ಕಣ್ಣು, ಈಗಲೇ ಶುರುಮಾಡಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಉತ್ಸಾಹದಿಂದ ಕಡತ ತೆರೆದರು. ನಿರುಪಮಾ ನನ್ನ ಕೈ ಹಿಡಿದುಕೊಂಡಳು.

ಆಮೇಲೆ ಅವರು ಪೆನ್ನು ಕೆಳಗಿಟ್ಟು ಕೇಳಿದರು: "ಇವರಿಗೆ ಇಂಗ್ಲಿಷ್ ಓದಲು ಬರುತ್ತದೆಯೇ?"

ಬರುವುದಿಲ್ಲ ಎಂದಳು ನಿರುಪಮಾ. ತಾನೇ ಡಾಕ್ಟರು, ಪ್ರತಿಯೊಂದನ್ನೂ ವಿವರಿಸುತ್ತೇನೆ ಎಂದಳು. ಆರ್ಮಿಟೇಜ್ ನಿಜವಾಗಿಯೂ ನೊಂದುಕೊಂಡರು. ನೀತಿ ಸಮಿತಿ ಹಾಗೆ ಷರತ್ತು ಹಾಕಿದೆ, ತಮ್ಮ ಕೈ ಕಟ್ಟಿದೆ ಎಂದರು. ನಂತರ ನನ್ನ ಕಡೆ ತಿರುಗಿ, "ಇದು ನಿಮಗೆ ಗೊತ್ತಿರುವುದೇ," ಎಂದರು. ಸಭ್ಯ ಮನುಷ್ಯ. ಅಷ್ಟಕ್ಕೇ ನಿಲ್ಲಿಸಿದರು.

ಕಾರಿನಲ್ಲಿ ನಿರುಪಮಾ, "ಯಾವ ಬುದ್ಧಿವಂತ ಹಾಕ್ಸಿದ್ದು ಈ ಕಂಡೀಶನ್ನು?" ಎಂದಳು.

"ಕಮಿಟಿ," ಎಂದೆ. ಸುಳ್ಳೇನಲ್ಲ.

ಮನೆಗೆ ಬಂದು ಕಾಗದದ ರಾಶಿಯಿಂದ ಆ ಪತ್ರ ಹುಡುಕಿ ತೆಗೆದೆ. ಮೊದಲ ಪುಟ, ಎರಡನೆಯ ಪ್ಯಾರಾ: "ಆರಂಭದಲ್ಲಿ ಬಾಗಿಲಿನ ಚೌಕಟ್ಟಿನಂಥ ನೇರ ವಸ್ತುಗಳು ಸೊಟ್ಟಗೆ ಕಾಣಬಹುದು. ಹಾಗೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ." ಹನ್ನೆರಡು ವರ್ಷದ ಮಗುವಿಗೂ ಅರ್ಥವಾಗುವ ಹಾಗೆ ಬರೆದಿದ್ದಾರೆ.

20 ಜನವರಿ, ಗುರುವಾರ

ಕೆಲಸಕ್ಕೆ ಹೋಗಲಿಲ್ಲ. ಅತ್ತೆಯವರು, "ಜ್ವರಾನಾ? ಮೆಣಸಿನ ಸಾರು ಮಾಡ್ಲಾ?" ಎಂದರು.

7 ಫೆಬ್ರವರಿ, ಸೋಮವಾರ

ಷರತ್ತು ತೆಗೆಯಬೇಕೆಂದು ಸಮಿತಿಗೆ ಪತ್ರ ಬರೆದಿದ್ದೆ. ಇವತ್ತು ಅದು ಸಭೆಗೆ ಬಂತು. ಮಿಸೆಸ್ ಹಾಲ್‌ರಾಯ್ಡ್ ಬಹಳ ಮೃದುವಾಗಿ, ನನ್ನ ಕುಟುಂಬದವರಿಗೆ ಇದರಲ್ಲಿ ಹಿತಾಸಕ್ತಿ ಇರುವುದರಿಂದ ನಾನು ಹೊರಗಿರುವುದು ಒಳ್ಳೆಯದು ಎಂದರು. ಹೋದ ಸಲ ನನಗೆ ಯಾವ ಹಿತಾಸಕ್ತಿಯೂ ಇರಲಿಲ್ಲ. ಆದ್ದರಿಂದಲೇ ನನ್ನ ತೀರ್ಮಾನ ಅಷ್ಟು ನಿರ್ಮಲವಾಗಿತ್ತು.

ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಲವತ್ತು ನಿಮಿಷ ಕೂತೆ. ಆರ್ಮಿಟೇಜ್ ತಮ್ಮ ಸರದಿಗೆ ಕಾಯುತ್ತಾ ಪಕ್ಕದಲ್ಲಿ ಕೂತರು. ತಿರಸ್ಕರಿಸಿದವರ ಪಟ್ಟಿ ಅವರ ತೊಡೆಯ ಮೇಲಿತ್ತು. ಎಷ್ಟು ಜನ ಎಂದು ಕೇಳಿದೆ. ಭಾಷೆಯ ಕಾರಣಕ್ಕೆ ಹನ್ನೊಂದು ಎಂದರು. ಹೆಚ್ಚಿನವರು ಬ್ರಾಡ್‌ಫರ್ಡ್ ಕಡೆಯ ಗಿರಣಿಗಳಲ್ಲಿ ದುಡಿದ ಮುದುಕರು, ಅವರ ಹೆಂಡಿರು. ಅತ್ತೆಯವರು ಹನ್ನೊಂದನೆಯವರು. ಉಳಿದ ಹತ್ತು ಜನರ ಅಳಿಯಂದಿರು ಸಮಿತಿಯಲ್ಲಿಲ್ಲ.

ತೀರ್ಮಾನ: ವೃತ್ತಿಪರ ದುಭಾಷಿಯಿದ್ದರೆ ಸೇರಿಸಿಕೊಳ್ಳಬಹುದು, ಮನೆಯವರು ಬಾಯಿ ಹಾಕುವಂತಿಲ್ಲ, ಖರ್ಚು ಔಷಧಿ ಕಂಪನಿಯದು. ಕಂಪನಿ ಒಪ್ಪಲು ಕೆಲವು ವಾರ ಬೇಕು. ಆ ಹತ್ತು ಜನರಿಗೂ ಪತ್ರ ಬರೆದು ಕರೆಯಿರಿ ಎಂದು ನಾನು ಬರೆದಿದ್ದ ಸಾಲನ್ನು "ಗಮನಿಸಲಾಯಿತು" ಎಂದು ನಮೂದಿಸಿದ್ದಾರೆ. ಈ ದೇಶದಲ್ಲಿ ಇಪ್ಪತ್ತು ವರ್ಷ ಇದ್ದೇನೆ. ಗಮನಿಸಲಾಯಿತು ಎಂದರೆ ಮಣ್ಣು ಮುಚ್ಚಲಾಯಿತು ಎಂದು ಗೊತ್ತು.

ರಾತ್ರಿ ನಿರುಪಮಾಗೆ ಹೇಳಿದೆ, ಷರತ್ತು ಹಾಕಿಸಿದ ಬುದ್ಧಿವಂತ ನಾನೇ ಎಂದು. ಅವಳು ನಾಳೆ ಡ್ಯೂಟಿ ಎಷ್ಟು ಗಂಟೆಗೆ ಎಂದು ಪಟ್ಟಿ ನೋಡಿ ದೀಪ ಆರಿಸಿದಳು.

26 ಫೆಬ್ರವರಿ, ಶನಿವಾರ

ಕಂಪನಿಯಿಂದ ಸುದ್ದಿಯಿಲ್ಲ. ಅತ್ತೆ ಕಾಫಿ ಲೋಟವನ್ನು ಮೇಜಿನ ಅಂಚಿನಲ್ಲಿಟ್ಟರು. ಬೀಳುವ ಮೊದಲೇ ಹಿಡಿದೆ. ಈಚೆಗೆ ಬೆಳಿಗ್ಗೆ ಆಫೀಸಿಗೆ ತಡವಾಗಿ ಹೋಗುತ್ತಿದ್ದೇನೆ. ಅವರಿಗೆ ವಾರಪತ್ರಿಕೆ ಓದಿ ಹೇಳಬೇಕಲ್ಲ, ಬೇರೆ ಯಾರಿದ್ದಾರೆ. ಹಳೇ ಸುದ್ದಿಯಾದರೂ ಪರವಾಗಿಲ್ಲವಂತೆ.

17 ಮಾರ್ಚ್, ಗುರುವಾರ

ದುಭಾಷಿ ಬಂದರು. ಹರಿಪ್ರಿಯಾ ಎಂದು ಹೆಸರು, ಮ್ಯಾಂಚೆಸ್ಟರಿನ ವಿದನ್‌ಶಾದವರು, ಮೂಲ ಧಾರವಾಡ. ಇಡೀ ಉತ್ತರ ಇಂಗ್ಲೆಂಡಿಗೆ ಪಟ್ಟಿಯಲ್ಲಿದ್ದ ಏಕೈಕ ಕನ್ನಡ ದುಭಾಷಿ. ಕೋಣೆಯ ಮೂಲೆಯಲ್ಲಿ ನನಗೂ ನಿರುಪಮಾಗೂ ಎರಡು ಕುರ್ಚಿ ಹಾಕಿ, ಮಾತಾಡಬಾರದೆಂದರು. ನನ್ನದೇ ನಿಯಮ. ಮಾಡಿದ್ದುಣ್ಣೋ ಮಹರಾಯ.

ಹರಿಪ್ರಿಯಾ ಒಂದಕ್ಷರ ಹಾರಿಸದೆ ಎಲ್ಲವನ್ನೂ ಕೇಳಿದರು. ಮಲಬದ್ಧತೆಯನ್ನೂ ಕೇಳಿದರು. ಇದೆಯಂತೆ, ಎರಡು ವರ್ಷದಿಂದ ಇದೆಯಂತೆ. ಆಮೇಲೆ ಡಾಕ್ಟರು, ನೇರ ಗೆರೆ ಸೊಟ್ಟಗೆ ಕಾಣತೊಡಗಿದ್ದು ಯಾವಾಗ ಎಂದು ಕೇಳಿಸಿದರು.

"ನವರಾತ್ರೀಲಿ," ಎಂದರು ಅತ್ತೆ. "ಗೊಂಬೆ ಕೂರಿಸಿದ್ ದಿನ. ಬಾಗಿಲು ಸೊಟ್ಟ ಕಾಣಿಸ್ತು. ಅಳಿಯಂದ್ರಿಗೆ ಹೇಳ್ದೆ. ಅವರು ಅಳತೆ ಮಾಡಿ, ಹೌದು ಸೊಟ್ಟಾನೇ ಇದೆ ಅಂದ್ರು. ಇಂಜಿನಿಯರ್ ಅಲ್ವೇನಮ್ಮ, ಅವರಿಗಿಂತ ನಂಗೆ ಗೊತ್ತಾ? ಆಮೇಲೆ ಬಚ್ಚಲ ಗೋಡೆ ಸೊಟ್ಟ ಕಂಡಾಗ್ಲೂ ಸುಮ್ನಿದ್ದೆ. ಹಳೇ ಮನೆ, ಎಷ್ಟ್ ಸಲ ಹೆಸರಿಡೋದು? ಬೇಜಾರ್ ಮಾಡ್ಕೋತಾರೆ."

ಹರಿಪ್ರಿಯಾ ಇದನ್ನು ಇಂಗ್ಲಿಷಿಗೆ ತಿರುಗಿಸಿದರು. ದುಭಾಷಿಗಳು "ನಾನು" ಎಂದೇ ಹೇಳಬೇಕಂತೆ. ನನ್ನ ಅಳಿಯ ಅಳತೆ ಮಾಡಿದರು, ನನ್ನ ಅಳಿಯ ಇಂಜಿನಿಯರ್, ನಾನು ನಂಬಿದೆ. ಆರ್ಮಿಟೇಜ್ ತಲೆ ಎತ್ತದೆ ಬರೆದುಕೊಂಡರು. ನಿರುಪಮಾ ನನ್ನನ್ನು ನೋಡಿದಳು. ಹೂಂ ಅಂದುಬಿಡಿ ಎಂದಿದ್ದು ಅವಳಿಗೂ ನೆನಪಾಗಿರಬೇಕು, ಬೇಗ ಕಣ್ಣು ತಗ್ಗಿಸಿದಳು.

ಮತ್ತೆ ಫೋಟೋ ತೆಗೆದರು. ಸೋರುವುದು ನಿಂತು ಗಾಯ ಕಟ್ಟಿದೆ. ಕಲೆ ಕಟ್ಟಿದ ಮೇಲೆ ಔಷಧಿ ಏನೂ ಮಾಡುವುದಿಲ್ಲ. ಜನವರಿಯಲ್ಲಿ ಶುರುವಾಗಿದ್ದರೆ ಸ್ವಲ್ಪ, ಅಕ್ಟೋಬರಿನಲ್ಲಿ ಬಂದಿದ್ದರೆ ಬಹಳಷ್ಟು ಉಳಿಯುತ್ತಿತ್ತು. ಇನ್ನು ನಡುವೆ ಏನೂ ಕಾಣುವುದಿಲ್ಲ, ಅಂಚಿನಲ್ಲಿ ಕಾಣುತ್ತದೆ. ಓಡಾಡಬಹುದು. ಓದಲಾಗುವುದಿಲ್ಲ, ಮುಖ ಗುರುತಿಸಲಾಗುವುದಿಲ್ಲ.

ಏನಾದರೂ ಕೇಳುವುದಿದೆಯೇ ಎಂದು ಹರಿಪ್ರಿಯಾ ಕೇಳಿದರು. ಅತ್ತೆ ಸ್ವಲ್ಪ ಯೋಚಿಸಿ, "ಆ ನಾಟಕದೋರಿಗೆ ಕೊನೆಗೆ ಔಷಧಿ ಕೊಡ್ತಾರಾ ಅಂತ ಕೇಳಮ್ಮ," ಎಂದರು. ಕೊಡುತ್ತೇವೆ ಎಂದರು ಡಾಕ್ಟರು. ಸಮಿತಿಯಲ್ಲೊಬ್ಬರು ಕೇಳಿದ್ದರಿಂದ ಅದು ಸೇರಿತು ಎಂದೂ ಹೇಳಿದರು. "ಒಳ್ಳೇದು. ಯಾರೋ ಪುಣ್ಯಾತ್ಮರು," ಎಂದರು ಅತ್ತೆ.

ಬಾಯಿ ಹಾಕುವಂತಿರಲಿಲ್ಲ. ಹಾಕಿದೆ. "ಆ ಪ್ರಶ್ನೆ ಇವರದು," ಎಂದೆ ಇಂಗ್ಲಿಷಿನಲ್ಲಿ. ಹರಿಪ್ರಿಯಾ ನಿಯಮದಂತೆ ಅದನ್ನೂ ಕನ್ನಡಕ್ಕೆ ತಿರುಗಿಸಿದರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಫೋಟೋಗೆಂದು ಕಣ್ಣಿಗೆ ಔಷಧಿಯ ಹನಿ ಹಾಕಿದ್ದರು, ನೀರು ಸುರಿಯುತ್ತಿತ್ತು.

9 ಏಪ್ರಿಲ್, ಶನಿವಾರ. ಯುಗಾದಿ

ಲೀಡ್ಸಿನಲ್ಲಿ ಮಾವಿನೆಲೆ ಸಿಗಲಿಲ್ಲ. ಪ್ಲಾಸ್ಟಿಕ್ ತೋರಣವನ್ನೇ ತೊಳೆದು ಕೊಟ್ಟೆ. ತಾವೇ ಕಟ್ಟುತ್ತೇನೆಂದು ಅತ್ತೆ ಹಠ ಹಿಡಿದರು. ಸ್ಟೂಲಿನ ಮೇಲೆ ನಿಲ್ಲಿಸಿ ಸೊಂಟದ ಹತ್ತಿರ ಕೈ ಅಡ್ಡ ಹಿಡಿದು ನಿಂತೆ. ಮೊಳೆ ಹುಡುಕುತ್ತಾ ಅವರ ಕೈ ಚೌಕಟ್ಟಿನ ಮೇಲೆ ಓಡಾಡಿತು. ಮೇಲಿನ ಅಡ್ಡಪಟ್ಟಿ, ಮೂಲೆ, ಪಕ್ಕದ ಕಂಬ. ಅಂಗೈಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆದರು. ಇನ್ನೊಂದು ಸಲ ಎಳೆದರು.

"ಇದು ನೇರವಾಗೇ ಇದೆಯಲ್ಲ, ಅಳಿಯಂದ್ರೇ."

ನಾನು ಸ್ಟೂಲನ್ನು ಕಾಲಿನಿಂದ ಒತ್ತಿ ಹಿಡಿದೆ.

"ಆವತ್ತು ಅಳತೆ ಮಾಡಿದ್ರಾ?"

"ಮಾಡಿದ್ದೆ ಅತ್ತೆ."

"ಏನ್ ಬಂತು?"

"ನೇರ ಅಂತ ಬಂತು."

ಅವರು ಸ್ಟೂಲಿನಿಂದ ಇಳಿಯಲು ನನ್ನ ಭುಜ ಹಿಡಿದರು. ಇಳಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ನನ್ನ ಮುಖದ ಪಕ್ಕಕ್ಕೆ, ಕಿವಿಯ ಕಡೆ ನೋಡುತ್ತಿದ್ದರು. ಈಗ ಅವರು ನೋಡುವುದೇ ಹಾಗೆ.

"ಹೇಳ್ಬೇಕಿತ್ತು," ಎಂದರು.

ಬಯ್ಯಲಿಲ್ಲ, ಅಳಲಿಲ್ಲ. ಬಯ್ದಿದ್ದರೆ ಬರೆಯಲು ನನಗೆ ಏನಾದರೂ ಸಿಗುತ್ತಿತ್ತು. ಬೇವು ಬೆಲ್ಲ ತಿಂದೆವು. ಕೃತಿ ಬೇವನ್ನು ಕಸದ ಬುಟ್ಟಿಗೆ ಹಾಕಿದಳು.

ಮಧ್ಯಾಹ್ನ ಸೋಮವಾರದ ಸಭೆಯ ಕಾಗದಗಳನ್ನು ತೆಗೆದುಕೊಂಡು ಒಬ್ಬನೇ ಮೂಲೆಯಲ್ಲಿ ಕೂತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಯಾವ್ ಕಾಯಿಲೆ ಈ ಸಲ?"

"ಮಂಡಿ ನೋವಿಂದು."

"ಓದಿ. ಮೊದಲನೇ ಹಾಳೆಯಿಂದ ಓದಿ. ನೀವು ಎರಡೆರಡು ಹಾಳೆ ಮಗುಚೋದು ನಂಗೆ ಕೇಳಿಸುತ್ತೆ."

ಮೊದಲ ಹಾಳೆಯಿಂದ ಓದಿದೆ. ಮುಗಿಯುವಾಗ ಆರು ಗಂಟೆಯಾಗಿತ್ತು. ಅವರು ನಾಲ್ಕು ಪ್ರಶ್ನೆ ಕೇಳಿದರು. ಬರೆದುಕೊಂಡೆ, ಪಕ್ಕದಲ್ಲಿ ಅವರ ಹೆಸರು ಹಾಕಿ.